ಹಳೆಯ 9.9 ಔಟ್‌ಬೋರ್ಡ್ ಎಂಜಿನ್ (ಸೀಮೆಎಣ್ಣೆ ಮಾದರಿ): ದುಡ್ಡು ಕೊಡುವ ಮೊದಲು ಏನೇನು ನೋಡಬೇಕು?

ಅಳಿವೆಬಾಗಿಲು

ನಾಡದೋಣಿಗೆ ಹಳೆಯ ಔಟ್‌ಬೋರ್ಡ್ ಒಂದು ನೋಡ್ತಾ ಇದ್ದೇವೆ. 9.9 ಅಶ್ವಶಕ್ತಿ, ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಹಗ್ಗ ಎಳೆಯುವ ಸ್ಟಾರ್ಟರ್. ಪೆಟ್ರೋಲಿನಲ್ಲಿ ಶುರು ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುವ ಮಾದರಿ. ದೋಣಿ ಫೈಬರಿನದು, ಕೆಲಸ ಪಟ್ಟಬಲೆ ಮೀನುಗಾರಿಕೆ. ಗಂಗೊಳ್ಳಿ ಅಳಿವೆ ದಾಟಿ ಹೊರಗೆ ಹೋಗಬೇಕು, ಮಳೆಗಾಲದಲ್ಲೂ. ಕೇಳುವ ಬೆಲೆ ಹೊಸದರ ಅರ್ಧಕ್ಕಿಂತ ಸ್ವಲ್ಪ ಮೇಲೆ.

ಮಾರುವವರು ಹೇಳುವುದು: ಹೊಸ ಬಣ್ಣ ಬಳಿದಿದೆ, ಗೇರ್ ಎಣ್ಣೆ ಹೊಸದು ಹಾಕಿದೆ, ಡ್ರಮ್ಮಿಗೆ ಇಳಿಸಿ ಸ್ಟಾರ್ಟ್ ಮಾಡಿ ತೋರಿಸ್ತೇವೆ.

ಡ್ರಮ್ಮಿನಲ್ಲಿ ಓಡಿದರೆ ಸಾಕಾ? ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ಎಷ್ಟಿರಬೇಕು? ಶಾಫ್ಟ್ ಗಿಡ್ಡದೋ ಉದ್ದದೋ ಅಂತ ಹೇಗೆ ಅಳೆಯುವುದು? ಕಾಗದಪತ್ರ ಏನೇನು ಕೇಳಬೇಕು?

---

ಹತ್ತುಹನ್ನೆರಡುಪಾನಾ

ಹೊಸ ಬಣ್ಣವೂ ಹೊಸ ಗೇರ್ ಎಣ್ಣೆಯೂ ಮಾರುವವರಿಗೆ ಅನುಕೂಲ, ನಿಮಗಲ್ಲ. ಬಣ್ಣದಡಿಯಲ್ಲಿ ಉಪ್ಪು ತಿಂದ ಜಾಗ ಕಾಣುವುದಿಲ್ಲ. ಹೊಸ ಎಣ್ಣೆಯಲ್ಲಿ ಸೀಲಿನ ಸೋರಿಕೆ ಕಾಣುವುದಿಲ್ಲ. ಔಟ್‌ಬೋರ್ಡ್ ಕೊಳ್ಳುವಾಗ ಶಬ್ದ ಕೇಳಿ ನಿರ್ಧಾರ ಮಾಡುವವರೇ ಹೆಚ್ಚು. ಆದರೆ ದುಡ್ಡು ತಿನ್ನುವ ಎರಡು ಜಾಗ, ನೀರಿನ ದಾರಿಯಲ್ಲಿ ಕಟ್ಟಿದ ಉಪ್ಪು ಮತ್ತು ಕೆಳಗಿನ ಗೇರ್‌ಬಾಕ್ಸ್, ಎರಡೂ ಶಬ್ದ ಮಾಡುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಮೊದಲ ಷರತ್ತು: ನೀವು ಹೋಗುವಾಗ ಎಂಜಿನ್ ತಣ್ಣಗಿರಬೇಕು. ಫೋನಿನಲ್ಲೇ ಹೇಳಿಡಿ. ಹೋದ ಕೂಡಲೇ ಎಂಜಿನ್ನಿನ ಟೋಪಿ (ಮೇಲಿನ ಮುಚ್ಚಳ) ತೆಗೆದು ಸಿಲಿಂಡರ್ ಹೆಡ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಮೊದಲೇ ಓಡಿಸಿಟ್ಟಿದ್ದಾರೆ ಅಂತ ಅರ್ಥ. ಆಗ ಇನ್ನೊಂದು ದಿನ ಬರ್ತೇವೆ ಅನ್ನಿ. ತಣ್ಣಗಿದ್ದಾಗ ಹಗ್ಗ ಎಳೆದು ಸತಾಯಿಸುವ ಎಂಜಿನ್ ಕೂಡ ಒಮ್ಮೆ ಬಿಸಿಯಾದ ಮೇಲೆ ಅರ್ಧ ಎಳೆತಕ್ಕೆ ಶುರುವಾಗುತ್ತದೆ.

ಟೋಪಿ ತೆಗೆದಾಗ ಮೂಗಿಗೂ ಕೆಲಸ ಕೊಡಿ. ಸುಟ್ಟ ಬಣ್ಣದ ವಾಸನೆ, ಹೆಡ್ ಸುತ್ತ ಬಣ್ಣ ಗುಳ್ಳೆಯೆದ್ದಿರುವುದು ಅಥವಾ ಕಂದು ತಿರುಗಿರುವುದು ಇದ್ದರೆ ಒಮ್ಮೆಯಾದರೂ ನೀರಿಲ್ಲದೆ ಕಾದಿದೆ. ಹೆಡ್ಡಿನ ಬೋಲ್ಟ್ ತಲೆಗಳ ಮೇಲೆ ಕಾರ್ಖಾನೆಯ ಬಣ್ಣ ಹಾಗೇ ಇದೆಯಾ, ಪಾನಾ ಕಚ್ಚಿದ ಗುರುತಿದೆಯಾ ನೋಡಿ. ಬಿಚ್ಚಿದ್ದು ತಪ್ಪಲ್ಲ. ಯಾಕೆ ಬಿಚ್ಚಿದ್ದು ಎಂಬ ಪ್ರಶ್ನೆಗೆ ನೇರ ಉತ್ತರ ಬರಬೇಕು. ರಿಂಗ್ ಬದಲಿಸಿದ್ದೇವೆ ಎಂದರೆ ಯಾವ ಓವರ್‌ಸೈಜ್ ಹಾಕಿದ್ದು ಅಂತ ಕೇಳಿ. ಕೊನೆಯ ಓವರ್‌ಸೈಜಿಗೆ ಬಂದಿದ್ದರೆ ಮುಂದಿನ ಸಲ ಸಿಲಿಂಡರ್ ಬೋರ್ ಮಾಡಲು ಲೋಹವೇ ಉಳಿದಿರುವುದಿಲ್ಲ.

ಮುಳುಗಿದ ಎಂಜಿನ್ ಪತ್ತೆ ಮಾಡುವುದು ಮುಖ್ಯ. ಅಳಿವೆಯಲ್ಲಿ ದೋಣಿ ಮಗುಚಿದರೆ ಎಂಜಿನ್ ಸಮೇತ ಮುಳುಗುತ್ತದೆ. ಮೇಲೆತ್ತಿ ಆ ಕೂಡಲೇ ಸಿಹಿನೀರಲ್ಲಿ ತೊಳೆದು, ಎಣ್ಣೆ ಹಾಕಿ ಓಡಿಸಿದರೆ ಬದುಕುತ್ತದೆ. ಎರಡು ದಿನ ಬಿಟ್ಟರೆ ಕ್ರ್ಯಾಂಕ್ ಬೇರಿಂಗ್ ತುಕ್ಕು ಹಿಡಿದು ಮುಗಿಯಿತು. ಫ್ಲೈವೀಲ್ ಕೆಳಗೆ ಟಾರ್ಚ್ ಬಿಟ್ಟು ಕಾಯಿಲ್‌ಗಳ ಸಂದಿ ನೋಡಿ: ಬಿಳಿ ಪುಡಿ, ಮರಳು, ಒಣಗಿದ ಕೆಸರು ಇದ್ದರೆ ಅನುಮಾನಪಡಿ. ಪ್ಲಗ್ ಎರಡನ್ನೂ ಬಿಚ್ಚಿ ಫ್ಲೈವೀಲನ್ನು ಕೈಯಲ್ಲೇ ನಿಧಾನ ತಿರುಗಿಸಿ. ನುಣ್ಣಗೆ ತಿರುಗಬೇಕು. ಬೆರಳಿಗೆ ಜರಿಜರಿ ಅನ್ನಿಸಿದರೆ ಬೇರಿಂಗ್ ಹೋಗಿದೆ. ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲುಗಾಡಿಸಿ, ಅಲುಗಬಾರದು.

ಬಿಚ್ಚಿದ ಪ್ಲಗ್‌ಗಳನ್ನು ಮೇಲಿನದು ಕೆಳಗಿನದು ಅಂತ ಬೇರೆ ಬೇರೆ ಇಟ್ಟು ಹೋಲಿಸಿ. ಸೀಮೆಎಣ್ಣೆ ಎಂಜಿನ್ನಿನ ಪ್ಲಗ್ ಪೆಟ್ರೋಲಿನದಕ್ಕಿಂತ ಕಪ್ಪಾಗಿಯೇ ಇರುತ್ತದೆ, ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ಎರಡಕ್ಕೆ. ಒಂದು ಪ್ಲಗ್ ಮಾತ್ರ ತೊಳೆದಿಟ್ಟ ಹಾಗೆ ಚೊಕ್ಕಟವಾಗಿ ಅಥವಾ ತುಕ್ಕಿನ ಬಣ್ಣದಲ್ಲಿದ್ದರೆ ಆ ಸಿಲಿಂಡರಿಗೆ ನೀರು ನುಗ್ಗುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲವೇ ಎಕ್ಸಾಸ್ಟ್ ಒಳಪ್ಲೇಟ್ ತೂತಾಗಿರಬಹುದು. ಇನ್ನೊಂದು, ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಹೊಳೆಯುವ ಸಣ್ಣ ಸಣ್ಣ ಚುಕ್ಕೆ. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಅಷ್ಟು ಕಂಡರೆ ಟೋಪಿ ಮುಚ್ಚಿ ಚಹಾ ಕುಡಿದು ಮನೆಗೆ ಬನ್ನಿ.

ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಈಗ ಅಗ್ಗಕ್ಕೆ ಸಿಗುತ್ತದೆ. ಪ್ಲಗ್ ತೂತಿನಿಂದ ಇಳಿಸಿ ಸಿಲಿಂಡರ್ ಗೋಡೆ ನೋಡಿ. ಎಕ್ಸಾಸ್ಟ್ ಪೋರ್ಟ್ ಇರುವ ಬದಿಯಲ್ಲಿ ಉದ್ದುದ್ದ ಗೀರು ಬಿದ್ದಿದ್ದರೆ ಪಿಸ್ಟನ್ ಒಮ್ಮೆ ಕಚ್ಚಿ ಬಿಟ್ಟಿದೆ.

---

ನೈಲಾನ್‌ನೂಲು

ಗೇರ್‌ಬಾಕ್ಸ್ ವಿಷಯ ನಾನು ಬರೀತೇನೆ, ಯಾಕೆಂದರೆ ಅಲ್ಲೇ ಜಾಸ್ತಿ ಮೋಸ ಆಗುವುದು.

ಎಂಜಿನ್ ರಾತ್ರಿಯಿಡೀ ನೆಟ್ಟಗೆ ನಿಂತಿರಬೇಕು. ಬೆಳಿಗ್ಗೆ, ಶುರು ಮಾಡುವ ಮೊದಲೇ, ಗೇರ್‌ಬಾಕ್ಸಿನ ಕೆಳಗಿನ ಸ್ಕ್ರೂ ಒಂದನ್ನೇ ಸ್ವಲ್ಪ ಸಡಿಲಿಸಿ. ಮೇಲಿನದು ಬಿಗಿಯಾಗಿಯೇ ಇರಲಿ, ಇಲ್ಲದಿದ್ದರೆ ಎಣ್ಣೆಯೆಲ್ಲ ಸುರಿದುಹೋಗುತ್ತದೆ. ನೀರು ಎಣ್ಣೆಗಿಂತ ಭಾರ, ರಾತ್ರಿ ಕೆಳಗೆ ಇಳಿದಿರುತ್ತದೆ. ಮೊದಲ ನಾಲ್ಕು ಹನಿ ನೀರೇ ಬಂದರೆ ಸೀಲ್ ಸೋರುತ್ತಿದೆ. ಓಡಿಸಿದ ಮೇಲೆ ನೋಡಿದರೆ ಎರಡೂ ಕಲೆತು ಹಾಲು ಹಾಕಿದ ಕಾಫಿಯ ಬಣ್ಣ ಬರುತ್ತದೆ, ಅದೂ ಅದೇ ಕಾಯಿಲೆ.

ನಿಮ್ಮ ಮಾರಾಟಗಾರರು ಎಣ್ಣೆ ಹೊಸದು ಹಾಕಿದ್ದಾರಲ್ಲ, ಹಾಗಾಗಿ ಈ ಪರೀಕ್ಷೆಯನ್ನು ಎರಡು ಸಲ ಮಾಡಬೇಕು. ಒಮ್ಮೆ ಮೊದಲು, ಇನ್ನೊಮ್ಮೆ ದೋಣಿಗೆ ಕಟ್ಟಿ ಅರ್ಧ ಗಂಟೆ ಗೇರಿನಲ್ಲಿ ಓಡಿಸಿದ ನಂತರ. ಡ್ರಮ್ಮಿನಲ್ಲಿ ನ್ಯೂಟ್ರಲ್ ಓಡಿಸಿದರೆ ಪ್ರೊಪೆಲ್ಲರ್ ಶಾಫ್ಟ್ ತಿರುಗುವುದೇ ಇಲ್ಲ, ಅದರ ಸೀಲಿಗೆ ಪರೀಕ್ಷೆಯೇ ಆಗುವುದಿಲ್ಲ.

ಸ್ಕ್ರೂ ತುದಿಯಲ್ಲಿ ಅಯಸ್ಕಾಂತ ಇರುವ ಮಾದರಿಯಾದರೆ ಅದರ ಮೇಲೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ. ನುಣ್ಣನೆಯ ಬೂದು ಲೇಪ ಸಹಜ. ಚೂರುಗಳು, ಸಿಪ್ಪೆಯಂಥ ತುಂಡುಗಳು ಕೈಗೆ ಚುಚ್ಚಿದರೆ ಗೇರಿನ ಹಲ್ಲು ಅಥವಾ ಡಾಗ್ ಕ್ಲಚ್ (ಗೇರನ್ನು ಕಚ್ಚಿ ಹಿಡಿಯುವ ತುಂಡು) ಹೋಗುತ್ತಿದೆ. ಎಂಜಿನ್ ನಿಂತಿರುವಾಗ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸುತ್ತಾ ಮುಂದೆ, ನ್ಯೂಟ್ರಲ್, ಹಿಂದೆ ಮೂರೂ ಹಾಕಿ ನೋಡಿ. ನ್ಯೂಟ್ರಲ್‌ನಲ್ಲಿ ಸಲೀಸಾಗಿ ತಿರುಗಬೇಕು, ಗೇರಿನಲ್ಲಿ ಟಕ್ಕನೆ ಕಚ್ಚಬೇಕು. ಆಮೇಲೆ ನೀರಿನಲ್ಲಿ ಭಾರ ಕೊಟ್ಟಾಗ ಮುಂದಿನ ಗೇರ್ ಕಟಕಟ ಅಂತ ಜಾರಿದರೆ ಕ್ಲಚ್ಚಿನ ಮೂಲೆ ಸವೆದಿದೆ. ಐಡಲ್‌ನಲ್ಲಿ ಪಟ್ಟಂತ ಹಾಕುವ ಬದಲು ಮೆಲ್ಲಗೆ ಗೇರ್ ಹಾಕುವ ಅಭ್ಯಾಸದಿಂದಲೇ ಅದು ಸವೆಯುವುದು.

ಪ್ರೊಪೆಲ್ಲರ್ ಬಿಚ್ಚಿಸಿ, ಇದು ಬಿಡಬೇಡಿ. ಕಾಟರ್ ಪಿನ್, ನಟ್ಟು, ವಾಷರ್, ಐದು ನಿಮಿಷದ ಕೆಲಸ. ಒಳಗೆ ಶಾಫ್ಟಿಗೆ ನೈಲಾನ್ ಬಲೆ ನೂಲು ಸುತ್ತಿಕೊಂಡಿರುವುದು ನಮ್ಮ ಕಡೆ ಮಾಮೂಲು. ಸುತ್ತಿದ ನೂಲು ಬಿಸಿಗೆ ಕರಗಿ ಸೀಲಿನ ತುಟಿ ಕತ್ತರಿಸುತ್ತದೆ, ಅಲ್ಲಿಂದ ಉಪ್ಪುನೀರು ಒಳಗೆ. ನಂತರ ಶಾಫ್ಟ್ ತಿರುಗಿಸುತ್ತಾ ತುದಿಯನ್ನೇ ದಿಟ್ಟಿಸಿ. ತುದಿ ಓಲಾಡಿದರೆ ಬಾಗಿದೆ. ಬಾಗಿದ ಶಾಫ್ಟಿಗೆ ಎಷ್ಟು ಸೀಲ್ ಹಾಕಿದರೂ ನಿಲ್ಲುವುದಿಲ್ಲ.

ಒಪ್ಪಿದರೆ ಗಾಳಿ ಪರೀಕ್ಷೆಯನ್ನೂ ಮಾಡಬಹುದು. ಎಣ್ಣೆ ಇಳಿಸಿ, ಮೇಲಿನ ತೂತಿಗೆ ಮೀಟರ್ ಇರುವ ಕೈಪಂಪ್ ಸೇರಿಸಿ 10 ಪಿಎಸ್‌ಐ ಒತ್ತಡ ಕೊಟ್ಟು ಐದು ನಿಮಿಷ ಬಿಡಿ. ಮುಳ್ಳು ಇಳಿಯಬಾರದು. ಇಳಿದರೆ ಪ್ರೊಪೆಲ್ಲರ್ ಶಾಫ್ಟ್, ಗೇರ್ ಹಾಕುವ ಸರಳು, ಸ್ಕ್ರೂ ವಾಷರ್ ಮೇಲೆ ಸೋಪಿನ ನೀರು ಬಿಟ್ಟು ಗುಳ್ಳೆ ಎಲ್ಲಿ ಅಂತ ನೋಡಿ. 15ರ ಮೇಲೆ ಹೋಗಬೇಡಿ, ಚೆನ್ನಾಗಿದ್ದ ಸೀಲೂ ಕಿತ್ತುಬರುತ್ತದೆ. ಎಷ್ಟೋ ಸಲ ಕಳ್ಳ ಆ ಸ್ಕ್ರೂವಿನ ವಾಷರೇ ಆಗಿರುತ್ತದೆ, ಹಳೆಯದನ್ನೇ ಮತ್ತೆ ಮತ್ತೆ ಹಾಕಿ ಬಿಗಿಯುತ್ತಾರೆ.

ವಾಪಸ್ ತುಂಬುವಾಗ ಕೆಳಗಿನ ತೂತಿನಿಂದ ಒತ್ತಿ ಮೇಲಿನದರಲ್ಲಿ ಉಕ್ಕುವವರೆಗೆ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಉಳಿಯುತ್ತದೆ. ಈ ಅಳತೆಯ ಎಂಜಿನ್ನಿಗೆ ಹೆಚ್ಚುಕಮ್ಮಿ ಕಾಲು ಲೀಟರ್ ಹಿಡಿಯುತ್ತದೆ.

---

ಕಾರವಾರ_ಕಾಂಡ್ಲಾ

ಕಂಪ್ರೆಷನ್ 100 ಪಿಎಸ್‌ಐ ಮೇಲಿದ್ದರೆ ತಗೊಳ್ಳಿ, ಕೆಳಗಿದ್ದರೆ ಬೇಡ. ಅಷ್ಟೇ.

---

ಹತ್ತುಹನ್ನೆರಡುಪಾನಾ

ಅಷ್ಟೇ ಅಲ್ಲ ಮಾರಾಯ್ರೆ. ಆ ಲೆಕ್ಕ ಪೆಟ್ರೋಲ್ ಎಂಜಿನ್ನಿನದು. ಸೀಮೆಎಣ್ಣೆಗೆ ಆಕ್ಟೇನ್ ಕಡಿಮೆ, ಒತ್ತಡ ಹೆಚ್ಚಾದರೆ ಪ್ಲಗ್ ಕಿಡಿಗೆ ಕಾಯದೆ ತಾನೇ ಹೊತ್ತಿಕೊಂಡು ಪಿಸ್ಟನ್ ತಲೆ ಕುಟ್ಟುತ್ತದೆ. ಅದಕ್ಕೇ ಕಂಪನಿಯವರು ಸೀಮೆಎಣ್ಣೆ ಮಾದರಿಯಲ್ಲಿ ಕಂಪ್ರೆಷನ್ ಇಳಿಸಿಯೇ ಕೊಡುವುದು. ಅಂಥ ಎಂಜಿನ್ ಆರೋಗ್ಯವಾಗಿದ್ದರೂ ಪೆಟ್ರೋಲಿನದಕ್ಕಿಂತ ಕಡಿಮೆ ತೋರಿಸುತ್ತದೆ. ಮೀಟರಿನ ಪೈಪ್ ಉದ್ದವಿದ್ದು ವಾಲ್ವ್ ಮೀಟರಿನ ಬುಡದಲ್ಲಿದ್ದರೆ ಇನ್ನೂ ಕಡಿಮೆ ಕಾಣುತ್ತದೆ.

ಹಾಗಾಗಿ ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ ನೋಡಿ. 10 ಪ್ರತಿಶತದೊಳಗಿದ್ದರೆ ಸರಿ. ಒಂದು 90, ಇನ್ನೊಂದು 86 ತೋರಿಸುವ ಎಂಜಿನ್ ಒಂದು 115, ಇನ್ನೊಂದು 85 ತೋರಿಸುವುದಕ್ಕಿಂತ ಎಷ್ಟೋ ವಾಸಿ.

ಮಾಡುವ ಕ್ರಮ: ಎಂಜಿನ್ ಸ್ವಲ್ಪ ಓಡಿ ಬಿಸಿಯಾಗಿರಲಿ. ಎರಡೂ ಪ್ಲಗ್ ಹೊರಗೆ. ಪ್ಲಗ್ ವೈರುಗಳನ್ನು ಬ್ಲಾಕಿಗೆ ತಾಗಿಸಿ ಅರ್ಥ್ ಮಾಡಿ, ಸುರಕ್ಷತಾ ಹಗ್ಗದ ಕ್ಲಿಪ್ ತೆಗೆದಿಡಿ. ವೈರು ಗಾಳಿಯಲ್ಲಿ ಬಿಟ್ಟು ಎಳೆದರೆ ಸಿಡಿಐ (ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಭಾಗ) ಸುಡುವ ಅಪಾಯವಿದೆ. ಆ್ಯಕ್ಸಿಲರೇಟರ್ ಪೂರ್ತಿ ತೆರೆದಿಡಿ. ಮುಚ್ಚಿದ್ದರೆ ಗಾಳಿ ಎಳೆಯದೆ ಸುಳ್ಳು ಲೆಕ್ಕ ಬರುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ ನ್ಯೂಟ್ರಲ್‌ನಲ್ಲಿ ಪೂರ್ತಿ ತೆರೆಯಲು ಬಿಡುವುದಿಲ್ಲ, ಆಗ ಕಾರ್ಬುರೇಟರಿನ ಲಿವರನ್ನೇ ಕೈಯಲ್ಲಿ ಹಿಡಿಯಬೇಕು. ಮುಳ್ಳು ಏರುವುದು ನಿಲ್ಲುವವರೆಗೆ ಐದಾರು ಸಲ ಒಂದೇ ಬಿರುಸಿನಲ್ಲಿ ಎಳೆಯಿರಿ. ಎರಡೂ ಸಿಲಿಂಡರಿಗೆ ಒಬ್ಬರೇ ಎಳೆಯಬೇಕು, ತೋಳಿನ ಬಲ ಬೇರೆಯಾದರೆ ಲೆಕ್ಕವೂ ಬೇರೆ.

ಒಂದು ಕಡೆ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಚೆನ್ನಾಗಿ ಏರಿದರೆ ರಿಂಗಿನ ತೊಂದರೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಪಿಸ್ಟನ್ ತೂತು. ಸೀಮೆಎಣ್ಣೆಯ ಎಂಜಿನ್ನಿನಲ್ಲಿ ರಿಂಗ್ ಸವೆಯುವುದಕ್ಕಿಂತ ಮೊದಲು ಮಸಿ ಕಟ್ಟಿ ಪಿಸ್ಟನ್ನಿನ ತೋಡಿನಲ್ಲಿ ಅಂಟಿಕೊಂಡು ಕೂರುತ್ತದೆ. ಅದು ಬಿಚ್ಚಿ ತೊಳೆದರೆ ಸರಿಹೋಗಬಹುದು, ಬೆಲೆ ಇಳಿಸಲು ಒಳ್ಳೆಯ ಕಾರಣ. ವಿರುದ್ಧ ಮೋಸವೂ ಉಂಟು: ಪಿಸ್ಟನ್ ತಲೆಯ ಮೇಲೆ ಮಸಿ ದಪ್ಪ ಕಟ್ಟಿದ್ದರೆ ಜಾಗ ಕಿರಿದಾಗಿ ಕಂಪ್ರೆಷನ್ ಸುಳ್ಳೇ ಹೆಚ್ಚು ತೋರಿಸುತ್ತದೆ.

ಇನ್ನೊಂದು ಮಾತು. ಪೆಟ್ರೋಲ್ ಎಂಜಿನ್ನಿಗೆ ಎರಡು ಹೆಡ್ ಗ್ಯಾಸ್ಕೆಟ್ ಹಾಕಿ, ಇನ್ನೊಂದು ಸಣ್ಣ ಟ್ಯಾಂಕ್ ಮತ್ತು ಮೂರು ದಾರಿಯ ಕಾಕ್ (ಇಂಧನ ಬದಲಿಸುವ ನಲ್ಲಿ) ಕೂರಿಸಿ ‘ಸೀಮೆಎಣ್ಣೆ ಎಂಜಿನ್’ ಅಂತ ಮಾರುವುದಿದೆ. ಕ್ಲ್ಯಾಂಪಿನ ಮೇಲಿರುವ ಪ್ಲೇಟಿನ ಮಾದರಿ ಸಂಖ್ಯೆಯನ್ನು ಡೀಲರ್ ಬಳಿ ಕೇಳಿದರೆ ಅದು ಕಾರ್ಖಾನೆಯಿಂದಲೇ ಸೀಮೆಎಣ್ಣೆಯದೋ ಅಲ್ಲವೋ ಗೊತ್ತಾಗುತ್ತದೆ.

---

ಅಳಿವೆಬಾಗಿಲು

ತುಂಬಾ ಉಪಕಾರ. ಹಾಗಾದರೆ ಡ್ರಮ್ ಪರೀಕ್ಷೆ ಬೇಡವೇ ಬೇಡ ಅಂತಲಾ? ಮತ್ತೆ ನೀರು ಉಗುಳುವ ತೂತಿನಿಂದ ಧಾರೆ ಜೋರಾಗಿ ಬಂದರೆ ಕೂಲಿಂಗ್ ಸರಿ ಇದೆ ಅಂತ ತಿಳಿಯಬಹುದಾ?

---

ಉಪ್ಪುಕಟ್ಟು

ಡ್ರಮ್ ಬೇಕು, ಆದರೆ ಅದರಿಂದ ತಿಳಿಯುವುದು ಇಷ್ಟೇ: ತಣ್ಣಗಿದ್ದಾಗ ಶುರುವಾಗುತ್ತದಾ, ಐಡಲ್ ನಿಲ್ಲುತ್ತದಾ, ನೀರು ಬರುತ್ತದಾ, ಎಷ್ಟು ಬಿಸಿಯಾಗುತ್ತದೆ. 200 ಲೀಟರಿನ ಡ್ರಮ್ಮಾದರೆ ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆಗಿಂತ ನಾಲ್ಕಾರು ಇಂಚು ಮೇಲೆ ನೀರಿರಲಿ. ನೀರು ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಮುಚ್ಚಿದ ಜಾಗದಲ್ಲಿ ಎಂಜಿನ್ ತನ್ನ ಹೊಗೆಯನ್ನೇ ಉಸಿರಾಡಿ ಹತ್ತು ನಿಮಿಷದಲ್ಲಿ ಉಸಿರುಗಟ್ಟಿ ನಿಲ್ಲುವುದುಂಟು. ಅದನ್ನು ಎಂಜಿನ್ ದೋಷ ಅಂತ ಎಣಿಸಬೇಡಿ, ಬಯಲಲ್ಲಿಟ್ಟು ನೋಡಿ.

ಧಾರೆಯ ಬಗ್ಗೆ: ಅದನ್ನು ನಂಬಿ ಎಂಜಿನ್ ಕೊಳ್ಳಬೇಡಿ. ಹಲವು ಎಂಜಿನ್ನುಗಳಲ್ಲಿ ಆ ತೂತಿಗೆ ನೀರು ಕವಲೊಡೆಯುವುದು ಥರ್ಮೋಸ್ಟಾಟಿಗೂ (ಬಿಸಿ ನೋಡಿ ನೀರು ಬಿಡುವ ವಾಲ್ವ್) ಮೊದಲು. ಪಂಪ್ ನೀರು ಎತ್ತುತ್ತಿದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಹೆಡ್ಡಿನ ಒಳದಾರಿ ಉಪ್ಪಿನಿಂದ ಅರ್ಧ ಮುಚ್ಚಿದ್ದರೂ ಧಾರೆ ಚೆನ್ನಾಗಿಯೇ ಬರುತ್ತದೆ. ಧಾರೆ ಬರದಿದ್ದರೆ ಕೂಡಲೇ ಎಂಜಿನ್ ನಿಲ್ಲಿಸಿ ದಪ್ಪ ನೈಲಾನ್ ತಂತಿ ತೂರಿಸಿ ನೋಡಿ. ಕಣಜ ಮಣ್ಣು ಮೆತ್ತಿರುವುದೂ ಉಂಟು.

ನಂಬಬೇಕಾದದ್ದು ಉಷ್ಣತೆಯನ್ನು. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಯ್ಯಿರಿ. ಐಡಲ್‌ನಲ್ಲಿ ಹತ್ತು ನಿಮಿಷ ಓಡಿದ ಮೇಲೆ ಎರಡೂ ಸಿಲಿಂಡರುಗಳ ತಲೆಯ ಮೇಲೆ ಒಂದೇ ದೂರದಿಂದ ಅಳೆಯಿರಿ. 50ರಿಂದ 65 ಡಿಗ್ರಿ ಸೆಲ್ಸಿಯಸ್ ನಡುವೆ ಬಂದು ನಿಂತರೆ ಒಳ್ಳೆಯದು. ನಿಲ್ಲದೆ ಏರುತ್ತಾ 80 ದಾಟಿದರೆ ನಿಲ್ಲಿಸಿ. ಒಂದು ಸಿಲಿಂಡರ್ ಇನ್ನೊಂದಕ್ಕಿಂತ 15 ಡಿಗ್ರಿ ಬಿಸಿಯಾದರೆ ಆ ಬದಿಯ ದಾರಿ ಕಟ್ಟಿದೆ. ಡ್ರಮ್ಮಿನ ನೀರೇ ಬಿಸಿಯಾಗುತ್ತಾ ಹೋಗುತ್ತದೆ, ನಡುನಡುವೆ ಬದಲಿಸಿ.

ತೀರಾ ಕಡಿಮೆ ತೋರಿಸಿದರೂ ಖುಷಿಪಡಬೇಡಿ. ಅತಿಯಾಗಿ ಬಿಸಿಯಾಗುವ ಎಂಜಿನ್ನಿಗೆ ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು ಕಡಲ ಬದಿಯ ಮಾಮೂಲು ಮದ್ದು. ಸೀಮೆಎಣ್ಣೆ ಎಂಜಿನ್ನಿಗೆ ಅದು ವಿಷ. ಸೀಮೆಎಣ್ಣೆ ಆವಿಯಾಗಲು ಶಾಖ ಬೇಕು. ತಣ್ಣಗೆ ಓಡಿದರೆ ಅರೆಬೆಂದು ಮಸಿ ಕಟ್ಟಿ, ಹಸಿ ಸೀಮೆಎಣ್ಣೆ ಸಿಲಿಂಡರ್ ಗೋಡೆಯ ಲೂಬ್ರಿಕೇಶನ್ ತೊಳೆದುಬಿಡುತ್ತದೆ. ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿಸಿ ಒಳಗೆ ನೋಡುವುದು ಇಡೀ ಪರೀಕ್ಷೆಯಲ್ಲಿ ನನ್ನ ಪ್ರಕಾರ ಅತಿ ಬೆಲೆಯುಳ್ಳದ್ದು: ಅಲ್ಲಿ ಕಾಣುವ ಉಪ್ಪಿನ ಗಟ್ಟಿಯೇ ಇಡೀ ಬ್ಲಾಕಿನ ಒಳಗೂ ಇರುವುದು. ಬೋಲ್ಟ್ ಬಿಚ್ಚಲು ಒಪ್ಪದಿದ್ದರೆ ಅವು ತುಕ್ಕಿಗೆ ಕಚ್ಚಿ ತುಂಡಾಗುವ ಭಯ ಅವರಿಗೂ ಇದೆ ಅಂತ ಲೆಕ್ಕ. ತುಂಡಾದ ಬೋಲ್ಟ್ ತೆಗೆಸುವ ಖರ್ಚು ಮುಂದೆ ನಿಮ್ಮ ತಲೆಗೇ.

ಇದೇ ಲೆಕ್ಕ ಗೇರ್‌ಬಾಕ್ಸನ್ನು ಎಂಜಿನ್ನಿನ ಕಾಲಿಗೆ (ನೀರಿಗಿಳಿಯುವ ಉದ್ದ ಭಾಗ) ಜೋಡಿಸುವ ಬೋಲ್ಟುಗಳಿಗೂ. ಗ್ರೀಸ್ ಹಚ್ಚಿಕೊಂಡು ಸಲೀಸಾಗಿ ಬಂದರೆ ವರ್ಷವರ್ಷ ಯಾರೋ ನೀರಿನ ಪಂಪಿನ ಇಂಪೆಲ್ಲರ್ (ತಿರುಗುವ ಚಕ್ರ) ಬದಲಿಸಿದ್ದಾರೆ. ಪಂಚಗಂಗಾವಳಿ, ಶರಾವತಿ, ಅಘನಾಶಿನಿ ಅಳಿವೆಗಳ ಮರಳು ಬೆರೆತ ನೀರು ಇಂಪೆಲ್ಲರಿನ ರಬ್ಬರ್ ರೆಕ್ಕೆಯನ್ನಷ್ಟೇ ಅಲ್ಲ, ಅದರ ಸುತ್ತಲಿನ ಸ್ಟೀಲ್ ಬಟ್ಟಲು ಮತ್ತು ಕೆಳಗಿನ ತಟ್ಟೆಯನ್ನೂ ಗೀರಿ ಸವೆಸುತ್ತದೆ. ಬರೀ ರಬ್ಬರ್ ಬದಲಿಸಿದರೆ ಐಡಲ್‌ನಲ್ಲಿ ನೀರು ಎತ್ತುವುದಿಲ್ಲ. ಪೂರ್ತಿ ಕಿಟ್ ಹಾಕಬೇಕು. ಬಿಚ್ಚಿದಾಗ ಇಂಪೆಲ್ಲರಿನ ರೆಕ್ಕೆಯೊಂದು ಮುರಿದು ಕಾಣೆಯಾಗಿದ್ದರೆ ಆ ತುಂಡು ಮೇಲಿನ ನೀರಿನ ದಾರಿಯಲ್ಲೆಲ್ಲೋ ಸಿಕ್ಕಿಕೊಂಡಿದೆ, ಅದನ್ನು ಹುಡುಕಿ ತೆಗೆಯದೆ ಹೊಸದು ಹಾಕಿ ಪ್ರಯೋಜನ ಇಲ್ಲ. ಮತ್ತೆ, ನೋಡಲಿಕ್ಕೆ ಅಂತ ನೀರಿಲ್ಲದೆ ‘ಎರಡೇ ಸೆಕೆಂಡ್’ ಓಡಿಸಲು ಯಾರನ್ನೂ ಬಿಡಬೇಡಿ.

ಸತುವಿನ ಆನೋಡ್ ತುಂಡುಗಳನ್ನೂ ನೋಡಿ. ಅರ್ಧ ಕರಗಿದ್ದರೆ ಸರಿಯಾಗಿ ಕೆಲಸ ಮಾಡಿದೆ, ಬದಲಿಸಿದರಾಯ್ತು. ಅದರ ಮೇಲೂ ಹೊಸ ಬಣ್ಣ ಬಳಿದಿದ್ದರೆ ಅದು ಕರಗುವುದೇ ಇಲ್ಲ, ಅದರ ಬದಲು ಎಂಜಿನ್ನಿನ ಅಲ್ಯೂಮಿನಿಯಂ ಕರಗುತ್ತದೆ.

---

ನೈಲಾನ್‌ನೂಲು

ಇಂಧನದ ಕಡೆ ಯಾರೂ ಬರೆಯಲಿಲ್ಲ. ಕೈಬಲ್ಬ್ ಒತ್ತಿದಾಗ ಗಟ್ಟಿಯಾಗಿ ನಿಲ್ಲಬೇಕು. ಒತ್ತುತ್ತಲೇ ಇದ್ದರೂ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ, ಇಲ್ಲವೇ ಕಾರ್ಬುರೇಟರಿನ ಸೂಜಿ ಕೂರುತ್ತಿಲ್ಲ. ಸೂಜಿಯದಾದರೆ ಕಾರ್ಬುರೇಟರ್ ಬಾಯಿಂದ ತೊಟ್ಟಿಕ್ಕುವುದು ಕಾಣುತ್ತದೆ. ಆರೋಗ್ಯದ ಎಂಜಿನ್ ತಣ್ಣಗಿದ್ದಾಗ ಚೋಕ್ ಎಳೆದು ಪೆಟ್ರೋಲಿನಲ್ಲಿ ಮೂರು ನಾಲ್ಕು ಎಳೆತಕ್ಕೆ ಹಿಡಿಯಬೇಕು.

ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ತನ್ನಿ. ಬದಲಾಗುವಾಗ ಒಂದೆರಡು ಸಲ ಮುಗ್ಗರಿಸಿದರೆ ಪರವಾಗಿಲ್ಲ, ಆಮೇಲೆ ಐಡಲ್ ಸ್ಥಿರವಾಗಬೇಕು. ಕಾಕ್ ಒಳಗೇ ಸೋರುವುದಿದೆ: ಆಗ ಒಂದು ಟ್ಯಾಂಕಿನದು ಇನ್ನೊಂದಕ್ಕೆ ಬೆರೆತು, ಬೆಳಿಗ್ಗೆ ಪೆಟ್ರೋಲ್ ಅಂದುಕೊಂಡು ಎಳೆದರೆ ಎಂಜಿನ್ ಹಿಡಿಯುವುದಿಲ್ಲ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಕೆಲವು ನಿಮಿಷ ಓಡಿಸುತ್ತಾರಾ ಅಂತ ಮಾರುವವರ ಕೈಯನ್ನೇ ಗಮನಿಸಿ. ಹಾಗೆ ಮಾಡದವರ ಎಂಜಿನ್ನಿನ ಕಾರ್ಬುರೇಟರ್ ಒಳಗೆ ಏನಿರುತ್ತದೆ ಅಂತ ಊಹಿಸಬಹುದು.

ಇಂಧನಕ್ಕೆ ಬೆರೆಸುವ ಟೂ-ಟಿ ಎಣ್ಣೆ ಎಷ್ಟು ಹಾಕ್ತೀರಿ ಅಂತ ಸುಮ್ಮನೆ ಮಾತಿಗೆ ಕೇಳಿ. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿ. ಎಂಜಿನ್ನಿನ ಸ್ಟಿಕ್ಕರಿನಲ್ಲಿ ಏನು ಬರೆದಿದೆಯೋ ಅದೇ ಪ್ರಮಾಣ ಅವರ ಬಾಯಲ್ಲಿ ಬರಬೇಕು. ‘ಅಂದಾಜಿಗೆ ಹಾಕ್ತೇವೆ’ ಅಂದರೆ ಅದೂ ಒಂದು ಉತ್ತರವೇ.

ಕೊನೆಗೆ ದೋಣಿಗೆ ಕಟ್ಟಿ ನೀರಿಗೆ. ಬಲೆಯ ಭಾರ ಅಥವಾ ನಾಲ್ಕೈದು ಜನ ಇರಲಿ. ಪ್ಲಗ್ ವೈರಿಗೆ ಸುತ್ತುವ ಟ್ಯಾಕೋಮೀಟರ್ ಸಿಕ್ಕರೆ ಪೂರ್ತಿ ಥ್ರಾಟಲ್‌ನಲ್ಲಿ ಸುತ್ತು ನೋಡಿ. ಈ ಗಾತ್ರದ ಎಂಜಿನ್ನುಗಳಿಗೆ ಸಾಮಾನ್ಯವಾಗಿ 4500ರಿಂದ 5500. ಮುಟ್ಟದಿದ್ದರೆ ಪ್ರೊಪೆಲ್ಲರ್ ಪಿಚ್ ಹೆಚ್ಚಿರಬಹುದು, ಇಲ್ಲವೇ ಒಂದು ಸಿಲಿಂಡರ್ ಅರೆಜೀವ. ಐಡಲ್‌ಗೆ ತಂದು ರಬ್ಬರ್ ಹಿಡಿಯ ಇಕ್ಕುಳದಲ್ಲಿ ಒಂದೊಂದೇ ಪ್ಲಗ್ ಟೋಪಿ ತೆಗೆದು, ತೆಗೆದ ವೈರನ್ನು ಅರ್ಥ್ ಮಾಡಿ. ಎರಡರಲ್ಲೂ ಒಂದೇ ಪ್ರಮಾಣದಲ್ಲಿ ಸದ್ದು ಕುಗ್ಗಬೇಕು. ತೆಗೆದರೂ ವ್ಯತ್ಯಾಸ ಕಾಣದ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಸುತ್ತು ಏರಿದರೂ ದೋಣಿ ಓಡದಿದ್ದರೆ ಪ್ರೊಪೆಲ್ಲರ್ ಒಳಗಿನ ರಬ್ಬರ್ ಬುಷ್ ಜಾರುತ್ತಿದೆ. ಬುಷ್ಷಿಗೂ ಪ್ರೊಪೆಲ್ಲರಿಗೂ ಸೇರಿಸಿ ಬಣ್ಣದ ಗೆರೆ ಎಳೆದು ಓಡಿಸಿ ಬಂದರೆ ಗೆರೆ ಮುರಿದಿರುತ್ತದೆ.

ಸುರಕ್ಷತಾ ಹಗ್ಗ ಎಳೆದರೆ ಎಂಜಿನ್ ನಿಲ್ಲಲೇಬೇಕು. ಗೇರಿನಲ್ಲಿದ್ದಾಗ ಶುರುವಾಗಬಾರದು. ಮಳೆಗಾಲದ ಅಳಿವೆಗೆ ಹೋಗುವವರು ಇದರಲ್ಲಿ ರಾಜಿ ಮಾಡಬಾರದು.

---

ಬೈಂದೂರು_ದೋಣಿ

ಶಾಫ್ಟ್: ಎಂಜಿನ್ ಕೂರುವ ಹಿಂಬದಿ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ನಡುಮಧ್ಯದಲ್ಲಿ ಅಳೆಯಿರಿ. 15 ಇಂಚಿನ ಹತ್ತಿರ ಇದ್ದರೆ ಗಿಡ್ಡ, 20ರ ಹತ್ತಿರ ಇದ್ದರೆ ಉದ್ದ. ಎಂಜಿನ್ನಿನಲ್ಲಿ ಕ್ಲ್ಯಾಂಪಿನ ಒಳಮೇಲ್ಭಾಗದಿಂದ ಅಡ್ಡ ತಟ್ಟೆಯವರೆಗಿನ ಅಳತೆ ಅದಕ್ಕೆ ಹೊಂದಬೇಕು. ತಟ್ಟೆ ದೋಣಿ ತಳದ ಸಮಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಗಿಡ್ಡವಾದರೆ ಅಳಿವೆಯ ಅಲೆಯಲ್ಲಿ ಪ್ರೊಪೆಲ್ಲರ್ ಗಾಳಿ ಹಿಡಿದು ಬರೀ ಕಿರುಚುತ್ತದೆ, ಪಂಪ್ ಕೂಡ ಗಾಳಿ ಎಳೆಯುತ್ತದೆ. ಉದ್ದವಾದರೆ ಇಳಿತದ ಹೊತ್ತಲ್ಲಿ ಮರಳ ದಿಬ್ಬಕ್ಕೆ ತಾಗುತ್ತದೆ.

ಕ್ಲ್ಯಾಂಪ್ ತಿರುಪುಗಳು ಕೈಯಲ್ಲೇ ತಿರುಗಬೇಕು. ಗ್ರೀಸ್ ನಿಪ್ಪಲಿಗೆ ಗ್ರೀಸ್ ಒತ್ತಿದರೆ ಇನ್ನೊಂದು ಕಡೆ ಹೊರಬರಬೇಕು. ಹಿಡಿ ತಿರುಗಿಸಲು ಎರಡು ಕೈ ಬೇಕಾಗುವಂತಿದ್ದರೆ ಒಳಗಿನ ಬುಷ್ ಉಪ್ಪಿಗೆ ಕಚ್ಚಿದೆ.

ಕಾಗದ: ಟೋಪಿಯ ಮೇಲಿನ ಸ್ಟಿಕ್ಕರ್ ಏನನ್ನೂ ಸಾಬೀತು ಮಾಡುವುದಿಲ್ಲ. ಒಂದೇ ಬ್ಲಾಕಿನಲ್ಲಿ 9.9 ಮತ್ತು 15 ಎರಡೂ ಬರುವ ಮಾದರಿಗಳಿವೆ. ನಮ್ಮಲ್ಲಿ ಇದು ದೊಡ್ಡ ವಿಷಯ, ಯಾಕೆಂದರೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಎಂಜಿನ್ ದೋಣಿಗಳ ಪೈಕಿ 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಕಡಲಿಗಿಳಿಯಲು ಅವಕಾಶ. ಕ್ಲ್ಯಾಂಪಿನ ಪ್ಲೇಟಿನಲ್ಲಿರುವ ಮಾದರಿ ಮತ್ತು ಸರಣಿ ಸಂಖ್ಯೆ ಬಿಲ್ಲಿನಲ್ಲಿರುವುದಕ್ಕೆ ತಾಳೆಯಾಗಬೇಕು. ಬ್ಲಾಕಿನ ಮೇಲೂ ಸಂಖ್ಯೆ ಹೊಡೆದಿರುವ ಮಾದರಿಯಾದರೆ ಅದೂ. ಪ್ಲೇಟ್ ಕಿತ್ತಿದ್ದರೆ, ಉಜ್ಜಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ.

ಸೀಮೆಎಣ್ಣೆ ಪರ್ಮಿಟ್ ಎಂಜಿನ್ ಜೊತೆಗೆ ತಾನಾಗಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ ಹೆಚ್ಚು ದುಡ್ಡು ಕೊಡಬೇಡಿ. ನಿಮ್ಮ ದೋಣಿಯ ನೋಂದಣಿ, ಲೈಸೆನ್ಸ್ ಹಿಡಿದು ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಮೊದಲು ಕೇಳಿ. ಎಂಜಿನ್ ಸರ್ಕಾರದ ಸಹಾಯಧನದಲ್ಲಿ ಬಂದದ್ದಾದರೆ ಮಂಜೂರಾತಿ ಪತ್ರ ತರಿಸಿ, ಮಾರಾಟದ ಬಗ್ಗೆ ಷರತ್ತು ಇದೆಯಾ ಓದಿ. ಇನ್ನೊಂದು ಯೋಚನೆ: 2023ರ ರಾಜ್ಯ ಬಜೆಟ್ಟಿನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಹೋಗುವವರಿಗೆ 50,000 ರೂಪಾಯಿ ಸಹಾಯಧನ ಘೋಷಿಸಿದ್ದರು. ಹಳೆಯ ಸೀಮೆಎಣ್ಣೆ ಎಂಜಿನ್ನಿಗೆ ಹೊಸದರ ಅರ್ಧಕ್ಕಿಂತ ಹೆಚ್ಚು ಕೊಡುವ ಮೊದಲು ಆ ಯೋಜನೆ ಈಗ ಯಾವ ಸ್ಥಿತಿಯಲ್ಲಿದೆ ಅಂತ ಅದೇ ಕಚೇರಿಯಲ್ಲಿ ವಿಚಾರಿಸಿ. ನನ್ನ ಅಭಿಪ್ರಾಯದಲ್ಲಿ ಆ ಬೆಲೆ ಹೆಚ್ಚಾಯ್ತು.

---

ಅಳಿವೆಬಾಗಿಲು

ಇದನ್ನೆಲ್ಲ ಒಂದು ಹಾಳೆಗೆ ಬರೆದುಕೊಂಡೆ. ಎಲ್ಲ ಸರಿ ಬಂದರೆ ಪಿಕಪ್‌ನಲ್ಲಿ ಮಲಗಿಸಿ ತರಬಹುದಾ?

---

ಹತ್ತುಹನ್ನೆರಡುಪಾನಾ

ನಿಲ್ಲಿಸಿ ತರುವುದೇ ಒಳ್ಳೆಯದು. ಪಿಕಪ್ ಅಂಚಿಗೆ ಹಲಗೆ ಕಟ್ಟಿ ಕ್ಲ್ಯಾಂಪ್ ಬಿಗಿದರೆ ಆಯ್ತು, 35ರಿಂದ 40 ಕೆಜಿ ಭಾರ ಅಷ್ಟೇ. ಮಲಗಿಸಲೇಬೇಕಾದರೆ ಮೊದಲು ನೆಟ್ಟಗೆ ನಿಲ್ಲಿಸಿ ಕಾಲಿನ ನೀರೆಲ್ಲ ಇಳಿದುಹೋಗಲು ಬಿಡಿ. ಆಮೇಲೂ ತಲೆ ಭಾಗ ಪ್ರೊಪೆಲ್ಲರಿಗಿಂತ ಎತ್ತರದಲ್ಲೇ ಇರಲಿ. ತಲೆ ಕೆಳಗಾದರೆ ಕಾಲಿನಲ್ಲಿ ಉಳಿದ ಉಪ್ಪುನೀರು ಎಕ್ಸಾಸ್ಟ್ ದಾರಿಯಿಂದ ಸಿಲಿಂಡರಿಗೇ ಹೋಗುತ್ತದೆ. ಯಾವ ಮಗ್ಗುಲಿಗೆ ಮಲಗಿಸಬೇಕು ಅಂತ ಕೈಪಿಡಿಯಲ್ಲಿ ಇರುತ್ತದೆ, ಮಾದರಿಯಿಂದ ಮಾದರಿಗೆ ಬೇರೆ. ಕಾರ್ಬುರೇಟರಿನ ಬಟ್ಟಲು ಖಾಲಿ ಮಾಡಿಯೇ ಹೊರಡಿ.

ತಂದ ಕೂಡಲೇ, ಮಾರುವವರು ಏನೇ ಹೇಳಿರಲಿ, ಇಂಪೆಲ್ಲರ್ ಕಿಟ್, ಎರಡು ಪ್ಲಗ್, ಗೇರ್ ಎಣ್ಣೆ, ಅದರ ಸ್ಕ್ರೂಗಳ ಎರಡು ವಾಷರ್, ಇಂಧನ ಫಿಲ್ಟರ್ ಬದಲಿಸಿ. ಡ್ರೈವ್ ಶಾಫ್ಟ್ ವಾಪಸ್ ಕೂರಿಸುವಾಗ ಹಲ್ಲುಗಳ ಬದಿಗೆ ಮಾತ್ರ ಗ್ರೀಸ್ ಹಚ್ಚಿ, ತುದಿಯ ಮುಖಕ್ಕೆ ಬೇಡ. ಅಲ್ಲಿ ಗ್ರೀಸ್ ಸಿಕ್ಕಿಕೊಂಡರೆ ಶಾಫ್ಟ್ ಪೂರ್ತಿ ಒಳಗೆ ಹೋಗದೆ ಕ್ರ್ಯಾಂಕನ್ನು ಮೇಲಕ್ಕೆ ಒತ್ತುತ್ತದೆ.